ಹಳೇದು ಚಾಲೂ ಅದ

ಶರಣಪ್ಪ ನನಗೆ ಫೋನ್ ಮಾಡಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಬರೆಯುವುದೆಲ್ಲ ಆ ಒಂದು ಫೋನಿಗೆ ಬಂದು ಸೇರುತ್ತದೆ. ನನ್ನ ತಲೆಯಲ್ಲಿ ಅದರ ಎರಡು ನೆನಪುಗಳಿವೆ. ಒಂದರಲ್ಲಿ ಶಹಾಬಾದಿನ ನಮ್ಮ ಕಚೇರಿಯ ಫೋನು ರಿಂಗಾಗುತ್ತದೆ, ನಾನು ಎತ್ತಿ ಏನೋ ಹೇಳಿ ಇಡುತ್ತೇನೆ. ಇನ್ನೊಂದರಲ್ಲಿ ಆರು ತಿಂಗಳ ಕಾಲ ಅವರಿದ್ದ ಗಣಿಯಿಂದ ಒಂದು ಕರೆಯೂ ಬರುವುದಿಲ್ಲ. ಎರಡೂ ಅಷ್ಟೇ ಸ್ಪಷ್ಟವಾಗಿವೆ. ಮೊದಲನೆಯದು, ವಿಚಾರಣೆಯ ದಿನ ಶರಣಪ್ಪನವರ ಬಾಯಿಂದ ಕೇಳಿದ ಮೇಲೆ ನಾನೇ ಕಟ್ಟಿಕೊಂಡದ್ದಿರಬಹುದು. ಎರಡನೆಯದು ನನಗೆ ಅನುಕೂಲವಾಗಿದೆ ಎಂಬ ಕಾರಣಕ್ಕೇ ಉಳಿದುಕೊಂಡದ್ದಿರಬಹುದು. ನಾನು ಕಲಬುರಗಿಯಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಓದಿದವನು. ಒಬ್ಬನೇ ಸಾಕ್ಷಿ ಇದ್ದು, ಆ ಸಾಕ್ಷಿಗೂ ಫಲಿತಾಂಶದಲ್ಲಿ ಹಿತಾಸಕ್ತಿ ಇದ್ದರೆ ಅವನ ಮಾತನ್ನು ಎಷ್ಟು ನಂಬಬೇಕೆಂದು ಅಲ್ಲಿ ಕಲಿಸಿದ್ದರು. ಇಲ್ಲಿ ಆ ಸಾಕ್ಷಿ ನಾನೇ.

ಸಾಫ್ಟ್‌ವೇರ್ ಕೆಲಸಕ್ಕೆ ಹೊಸದಾಗಿ ಬರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಡ್ತಿಯ ಬಗ್ಗೆ ಹೇಳಲು ನನ್ನಲ್ಲಿ ಏನೂ ಇಲ್ಲ. ನಮ್ಮ ಕಚೇರಿಯಲ್ಲಿದ್ದವರು ನಾಲ್ವರು. ಬಡ್ತಿ ಎಂದರೆ ಕಿಟಕಿಯ ಪಕ್ಕದ ಕುರ್ಚಿ ಸಿಗುವುದು, ಅಷ್ಟೇ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಲ್ಲಿದ್ದ ಬೇಳೆ ಮಿಲ್ಲು, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಅಡ್ಡೆ, ಸುಣ್ಣಕಲ್ಲಿನ ಗಣಿ, ವಸತಿ ಶಾಲೆಯ ಉಗ್ರಾಣ, ಇಂಥ ಕಡೆಗಳಿಗೆ ನಾವು ಪ್ರೋಗ್ರಾಮ್ ಬರೆದುಕೊಡುತ್ತಿದ್ದೆವು. ಚೀಲದಲ್ಲಿ ಸಿ.ಡಿ. ಇಟ್ಟುಕೊಂಡು ಬಸ್ಸಿನಲ್ಲಿ ಹೋಗಿ ಹಾಕಿ ಬರುವುದು.

ಒಂದೊಂದು ಕಡೆ ಒಂದೊಂದು ರೂಢಿ ಇರುತ್ತದೆ. ಅವನ್ನೆಲ್ಲ ಪ್ರೋಗ್ರಾಮಿನ ಒಳಗೆ ತುರುಕಲಾಗುವುದಿಲ್ಲ. ಅದಕ್ಕಾಗಿ ಪ್ರತಿ ಊರಿನ ಕಂಪ್ಯೂಟರಿನಲ್ಲೂ ಒಂದು ಸೆಟ್ಟಿಂಗ್ ಕಡತ ಇಡುತ್ತಿದ್ದೆವು. ಅದರಲ್ಲಿ ಹತ್ತಿಪ್ಪತ್ತು ಸಾಲು. ನಾವು ಪ್ರೋಗ್ರಾಮ್ ಬದಲಿಸಿದಾಗ ಆ ಸಾಲುಗಳಲ್ಲಿ ಕೆಲವು ಹಳತಾಗುತ್ತವೆ. ಹಳತಾದ ಸಾಲು ಸ್ವಲ್ಪ ಕಾಲ ಮೊದಲಿನಂತೆಯೇ ಕೆಲಸ ಮಾಡುವಂತೆ ಬಿಟ್ಟು, ಅಷ್ಟರಲ್ಲಿ ಬಳಸುವವರನ್ನು ಎಚ್ಚರಿಸಿ, ಆಮೇಲೆ ನಿಲ್ಲಿಸಬೇಕು. ಯಾವಾಗ ಎಚ್ಚರಿಸಬೇಕು, ಯಾರನ್ನು, ಯಾವ ಮಾತಿನಲ್ಲಿ? ನಮ್ಮಲ್ಲಿ ಅದನ್ನು ತೀರ್ಮಾನಿಸುವ ಕೆಲಸ ನನ್ನದಾಗಿತ್ತು. ಅದನ್ನು ಯಾರೂ ಕಲಿಸಿರಲಿಲ್ಲ. ಕಲಿತದ್ದು ತಪ್ಪು ಮಾಡಿಯೇ.

ಮೊದಲ ತಪ್ಪು ಚಿಂಚೋಳಿಯ ಒಂದು ಬೇಳೆ ಮಿಲ್ಲಿನಲ್ಲಿ ಆಯಿತು. ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವರು ಮುನೀರ್ ಭಾಯ್. ಹಳತಾದ ಪ್ರತಿ ಸಾಲಿಗೂ ಒಂದೊಂದು ಎಚ್ಚರಿಕೆಯ ಪೆಟ್ಟಿಗೆ ಎದ್ದು ಬರುವಂತೆ ನಾನು ಬರೆದಿದ್ದೆ. ಓಕೆ ಒತ್ತದೆ ಮುಂದೆ ಹೋಗುವಂತಿರಲಿಲ್ಲ. ಎರಡು ತಿಂಗಳು ಬಿಟ್ಟು ಹೋದಾಗ ನೋಡುತ್ತೇನೆ, ಕೀಲಿಮಣೆಯ ಎಂಟರ್ ಗುಂಡಿಯ ಮೇಲೆ ಅಂಗೈಯಗಲದ ಒಂದು ಬಟ್ಟೆಯ ಗಂಟು ಕೂತಿತ್ತು.

“ಇದೇನ್ ಮುನೀರ್ ಭಾಯ್?”

“ತೊಗರಿ ಬ್ಯಾಳಿ ಸಾಬ್. ನಿಮ್ಮ ಡಬ್ಬಿ ಮುಂಜಾನೆ ಎದ್ದ ಕೂಡ್ಲೆ ಹನ್ನೊಂದು ಸಲ ಕೇಳ್ತದ, ಓಕೆ ಅನ್ನು, ಓಕೆ ಅನ್ನು ಅಂತ. ನನಗೆಲ್ಲಿ ಪುರ್ಸೊತ್ತದ? ನನ್ನ ಪರವಾಗಿ ಬ್ಯಾಳಿ ಅಂತದ.”

“ಏನ್ ಬರ್ದದ ಅಂತ ಓದೀರೇನು?”

“ಬ್ಯಾಳಿಗಿ ಓದ್ಲಿಕ್ಕ ಬರ್ತದೇನ್ ಸಾಬ್?”

ಪದೇ ಪದೇ ಅಡ್ಡ ಬರುವ ಎಚ್ಚರಿಕೆಯನ್ನು ಜನ ಓದುವುದಿಲ್ಲ, ದಾಟುತ್ತಾರೆ ಎಂದು ಗೊತ್ತಾಯಿತು. ನಾನು ಎಲ್ಲ ಪೆಟ್ಟಿಗೆಗಳನ್ನೂ ಕಿತ್ತುಹಾಕಿ, ಒಂದೇ ಸಲ ಪರದೆಯ ತುಂಬ ಕೆಂಪು ಬಣ್ಣದಲ್ಲಿ ಬರುವಂತೆ ಮಾಡಿದೆ.

ಎರಡನೆಯ ತಪ್ಪು ಅಲ್ಲಿಂದಲೇ ಹುಟ್ಟಿತು. ಕುಂಚಾವರಂ ಕಡೆಯ ಒಂದು ವಸತಿ ಶಾಲೆಯ ಉಗ್ರಾಣದಲ್ಲಿ ನರಸಿಂಹಲು ಎಂಬವರಿದ್ದರು. ದಿನಾಂಕ ಬರೆಯುವ ಹಳೆಯ ಕ್ರಮವನ್ನು ಮುಂದಿನ ವರ್ಷ ತೆಗೆಯುತ್ತೇವೆ ಎಂಬುದಷ್ಟೇ ಅಲ್ಲಿನ ಎಚ್ಚರಿಕೆ. ಬರುವ ವರ್ಷದವರೆಗೆ ಯಾರೂ ಏನೂ ಮಾಡಬೇಕಾಗಿರಲಿಲ್ಲ. ನಾನು ಕಾಡಿನ ಹಾದಿಯ ಬಸ್ಸು ಹಿಡಿದು ಅಲ್ಲಿಗೆ ಮುಟ್ಟುವ ಹೊತ್ತಿಗೆ ಕಂಪ್ಯೂಟರನ್ನು ಹಾಸಿಗೆಯ ಚಾದರದಲ್ಲಿ ಸುತ್ತಿ ಇಟ್ಟು ನಾಲ್ಕು ದಿನವಾಗಿತ್ತು. ಅಡುಗೆಯವರು ಅಕ್ಕಿಯನ್ನು ಅಂದಾಜಿನಲ್ಲಿ ಅಳೆಯುತ್ತಿದ್ದರು.

“ಎರ್ರಗಾ ಬಂತು ಸರ್, ಎರ್ರಗಾ! ಪೂರಾ ಕೆಂಪು! ಕರೆಂಟ್ ಹೊಡೀತದೇನೋ ಅಂತ ವೈರ್ ಕಿತ್ತಿ ಮಡಗಿನಿ. ಬದುಕೀತೇನ್ ಸರ್ ಅದು?”

ಶಹಾಬಾದಿಗೆ ಬಂದು ನಮ್ಮ ಯಜಮಾನರಾದ ದೇಶಪಾಂಡೆ ಸರ್‌ಗೆ ಹೇಳಿದೆ. ಅವರು ಕನ್ನಡಕ ಒರೆಸುತ್ತ ನಕ್ಕರು. “ಒಬ್ಬಾಂವ ನಿನ್ನ ಮಾತು ಕೇಳೂದೇ ಇಲ್ಲ, ಇನ್ನೊಬ್ಬಾಂವ ಭಾಳ ಕೇಳ್ತಾನ. ನಡುವ ಏನರ ಹುಡುಕೋ ಗುರುರಾಜ.”

ನಡುವೆ ನಾನು ಹುಡುಕಿದ್ದು ಪರದೆಯ ತಳದಲ್ಲಿ ಒಂದು ತೆಳು ಹಳದಿ ಪಟ್ಟಿ. ಕೆಲಸಕ್ಕೆ ಅಡ್ಡ ಬರುವುದಿಲ್ಲ, ಹೆದರಿಸುವುದಿಲ್ಲ, ದಿನವೂ ಇರುತ್ತದೆ. ಅದರಲ್ಲಿ ನಾನು ಮೊದಲು ಬರೆದದ್ದು ಉದ್ದದ ವಾಕ್ಯ: ಈ ಸಾಲಿನ ಅರ್ಥ ಆರು ತಿಂಗಳ ಮೇಲೆ ಬದಲಾಗುತ್ತದೆ, ಕಚೇರಿಗೆ ಫೋನ್ ಮಾಡಿ. ಪಟ್ಟಿಯಲ್ಲಿ ಅದು ಹಿಡಿಸಲಿಲ್ಲ. ಕತ್ತರಿಸುತ್ತ ಕತ್ತರಿಸುತ್ತ ಉಳಿದದ್ದು ಮೂರು ಪದ.

ಹಳೆಯ ಸೆಟ್ಟಿಂಗ್ ಚಾಲ್ತಿಯಲ್ಲಿದೆ.

ಎಷ್ಟು ಚೊಕ್ಕವಾಗಿದೆ ಎಂದು ನನಗೆ ಹೆಮ್ಮೆಯಾಗಿತ್ತು. ಬಹಳ ವರ್ಷ, ಅದನ್ನು ಕತ್ತರಿಸಲು ಹೇಳಿದ್ದು ದೇಶಪಾಂಡೆ ಸರ್ ಎಂದು ನೆನಪಿಟ್ಟುಕೊಂಡಿದ್ದೆ. ಹಾಗೆ ನೆನಪಿಡಲು ನನಗೆ ಯಾವ ಆಧಾರವೂ ಇಲ್ಲ. ಕತ್ತರಿಸಿದವನು ನಾನು ಎಂದೇ ಇಲ್ಲಿ ಬರೆಯುತ್ತೇನೆ.

ಇನ್ನು ಗಣಿಯ ವಿಷಯ. ಚಿತ್ತಾಪುರಕ್ಕೂ ವಾಡಿಗೂ ನಡುವೆ ಇದ್ದ ಒಂದು ಸುಣ್ಣಕಲ್ಲಿನ ಗಣಿ ಎಂದರೆ ಸಾಕು. ಈಗ ಅದು ಮುಚ್ಚಿದೆ, ಗುಂಡಿಯಲ್ಲಿ ನೀರು ನಿಂತಿದೆ. ಅಲ್ಲಿ ದಿನವೂ ಮಧ್ಯಾಹ್ನ ಮೂರು ಗಂಟೆಗೆ ಮದ್ದು ಹಾರಿಸುತ್ತಿದ್ದರು. ಅದಕ್ಕೆ ಮುಂಚೆ ಸೈರನ್ ಊದಬೇಕು. ಆ ಕಡೆ ಅದಕ್ಕೆ ಭೋಂಗಾ ಎನ್ನುತ್ತಾರೆ. ಹಾಜರಿ ನೋಡುವ ಟೈಮ್ ಆಫೀಸಿನಲ್ಲಿ ಕೂತು ಭೋಂಗಾ ಊದಿಸುವ ಕೆಲಸ ಶರಣಪ್ಪನವರದು. ನಮ್ಮ ಪ್ರೋಗ್ರಾಮ್ ಬರುವುದಕ್ಕೆ ಮೊದಲು ಅವರು ಗೋಡೆಯ ಗಡಿಯಾರದ ಮೇಲೆ ಕಣ್ಣಿಟ್ಟು ಕೈಯಿಂದಲೇ ಭೋಂಗಾದ ಹಿಡಿಕೆ ತಿರುಗಿಸುತ್ತಿದ್ದರು. ಕಂಪ್ಯೂಟರೇ ಊದುವಂತೆ ಮಾಡಲು ನಾನು ಮೊದಲ ಸಲ ಹೋದಾಗ ಅವರು ತಮ್ಮ ಕುರ್ಚಿ ನನಗೆ ಕೊಟ್ಟು ತಾವು ನಿಂತೇ ಇದ್ದರು.

“ಎಲ್ಲಾ ದಿನ ಅರ್ಧ ತಾಸು ಮುಂಚೆ ಊದಸ್ರಿ ಸರ್. ಸ್ವಾಮಾರ ಒಂದಿನ ಹತ್ತ್ ನಿಮಿಷ ಮುಂಚೆ ಸಾಕು.”

“ಸೋಮವಾರ ಯಾಕ್ರಿ ಹಂಗ?”

“ಸ್ವಾಮಾರ ಎತ್ತು ಹೂಡಂಗಿಲ್ಲಲ್ರಿ. ಊರಾಗ ಸಂತಿನೂ ಅವತ್ತೇ. ಈ ಕಡಿ ಹೊಲದಾಗ ಒಂದ್ ನರಪಿಳ್ಳಿ ಇರಂಗಿಲ್ಲ. ಅರ್ಧ ತಾಸು ಯಾರಿಗಂತ ಊದಲಿ, ಕಾಗಿಗೇನು?” ಆಮೇಲೆ ನನ್ನ ಹಣೆಯ ಕಪ್ಪು ಅಂಗಾರದ ಗೆರೆ ನೋಡಿ ನಕ್ಕರು. “ನಿಮಗ ಗುರುವಾರ ರಾಯರು, ನಮಗ ಸ್ವಾಮಾರ ಬಸವಣ್ಣ. ನಿಮ್ಮ ಕಂಪ್ಯೂಟರಿಗಿ ಯಾವ ವಾರ್ರಿ?”

ಕಂಪ್ಯೂಟರಿಗೆ ವಾರವಿಲ್ಲ, ಅಂಕಿ ಮಾತ್ರ. ಸೆಟ್ಟಿಂಗ್ ಕಡತದಲ್ಲಿ ಒಂದು ಸಾಲು ಸೇರಿಸಿದೆ: ಸಣ್ಣ ಭೋಂಗಾ, 1. ಆಗಿನ ನಮ್ಮ ಪ್ರೋಗ್ರಾಮಿನಲ್ಲಿ ಭಾನುವಾರ ಸೊನ್ನೆ, ಸೋಮವಾರ ಒಂದು. ಆ ಕಡತ ತೆರೆಯುವ ಗುಪ್ತಪದ ನನ್ನ ಬಳಿ ಇತ್ತು, ಶರಣಪ್ಪನವರ ಬಳಿ ಇರಲಿಲ್ಲ. ಈ ಮಾತನ್ನು ದಯವಿಟ್ಟು ನೆನಪಿಡಿ. ನಾನು ಬಹಳ ವರ್ಷ ಅದನ್ನು ನೆನಪಿಡಲಿಲ್ಲ.

ಕೆಲವು ವರ್ಷಗಳ ಮೇಲೆ ನಾನು ಪ್ರೋಗ್ರಾಮನ್ನು ಹೊಸದಾಗಿ ಬರೆದೆ. ಹೊಸದರಲ್ಲಿ ಭಾನುವಾರ ಒಂದು, ಸೋಮವಾರ ಎರಡು. ಅದಕ್ಕೆ ದೊಡ್ಡ ಕಾರಣವಿರಲಿಲ್ಲ, ಎಣಿಕೆ ಒಂದರಿಂದ ಶುರುವಾದರೆ ನೋಡಲು ಚೆಂದ ಎನಿಸಿತ್ತು. ಆರು ತಿಂಗಳು ಹಳೆಯ ಅಂಕಿಗಳಿಗೆ ಹಳೆಯ ಅರ್ಥವೇ ಇರುತ್ತದೆ, ಅಲ್ಲಿಯವರೆಗೆ ಹಳದಿ ಪಟ್ಟಿ ಕಾಣುತ್ತದೆ, ಆರು ತಿಂಗಳಾದ ಮೇಲೆ ಹೊಸ ಅರ್ಥ ತಾನಾಗಿಯೇ ಜಾರಿಗೆ ಬರುತ್ತದೆ. ಇದು ನನ್ನ ಯೋಜನೆ. ಪಟ್ಟಿ ನೋಡಿದವರು ಫೋನ್ ಮಾಡುತ್ತಾರೆ, ಮಾಡಿದವರ ಕಡತವನ್ನು ಹೋಗಿ ತಿದ್ದುತ್ತೇನೆ. ಫೋನ್ ಬರದಿದ್ದರೆ ಆ ಸಾಲು ಅವರಿಗೆ ಬೇಕಾಗಿಲ್ಲ ಎಂದರ್ಥ. ಸಂಖ್ಯಾಶಾಸ್ತ್ರ ಓದಿದವನ ತರ್ಕ ನೋಡಿ. ಉತ್ತರ ಬರಲಿಲ್ಲ ಎಂಬುದನ್ನೇ ಉತ್ತರ ಎಂದು ಬರೆದುಕೊಂಡಿದ್ದೆ.

ದೇಶಪಾಂಡೆ ಸರ್ ಒಂದು ಮಾತು ಕೇಳಿದ್ದರು. “ಆ ಭೋಂಗಾ ಆರು ತಿಂಗಳು ದಿನಪೂರ್ತಿ ಊದಿದ್ರ ಮಂದಿ ಎದ್ದು ಹೋಗ್ತಾರೋ, ಅದರ ಕೆಳಗೇ ಮಕ್ಕೋತಾರೋ?”

“ಪಟ್ಟಿ ಭೋಂಗಾ ಅಲ್ರಿ ಸರ್. ಬರೇ ಮಾಹಿತಿ,” ಎಂದಿದ್ದೆ.

ಎಚ್ಚರಿಕೆಯೋ ಮಾಹಿತಿಯೋ ಎಂದು ಬರೆದವನಿಗೇ ಖಾತ್ರಿ ಇರಲಿಲ್ಲ.

ಆರು ತಿಂಗಳು ತುಂಬಿದ ಮೇಲಿನ ಮೊದಲ ಭಾನುವಾರ ನಡೆದದ್ದಕ್ಕೆ ನಾನು ಸಾಕ್ಷಿಯಲ್ಲ. ಕೇಳಿದ್ದನ್ನು ಬರೆಯುತ್ತೇನೆ. ತೊಗರಿ ಎದೆಯೆತ್ತರ ಬೆಳೆದಿತ್ತು. ಗಣಿಯ ಪಕ್ಕದ ಹೊಲದಲ್ಲಿ ಮೂವರು ಹೆಂಗಸರು ಸಾಲುಗಳ ನಡುವೆ ಕೂತು ದನಕ್ಕೆ ಹುಲ್ಲು ಕೊಯ್ಯುತ್ತಿದ್ದರು. ರಸ್ತೆಯ ಬದಿ ಕೆಂಪು ನಿಶಾನೆ ಹಿಡಿದವನಿಗೆ ಅವರು ಕಾಣಲಿಲ್ಲ. ಭೋಂಗಾ ಊದಿದರೆ ಮದ್ದು ಹಾರಲು ಇನ್ನೂ ಅರ್ಧ ತಾಸು ಇದೆ ಎಂಬುದು ಅವರಿಗೆ ವರ್ಷಗಳಿಂದ ಗೊತ್ತು. ಹಿಡಿದ ಸಾಲು ಮುಗಿಸಿ, ಹೊರೆ ಕಟ್ಟಿ, ನೀರು ಕುಡಿದು, ರಸ್ತೆಯಾಚೆಯ ಬೇವಿನ ಮರದ ಕೆಳಗೆ ಹೋಗಿ ಕೂರುತ್ತಿದ್ದರು. ಅಂದು ಭೋಂಗಾ ಊದಿದ್ದು ಹತ್ತು ನಿಮಿಷ ಮುಂಚೆ. ಟೈಮ್ ಆಫೀಸಿನಲ್ಲೂ ಯಾರೂ ಗಡಿಯಾರ ನೋಡಲಿಲ್ಲ. ಯಂತ್ರ ಬಂದ ಮೇಲೆ ಭೋಂಗಾವೇ ಅವರ ಗಡಿಯಾರವಾಗಿತ್ತು, ಅದರ ದನಿ ಕೇಳಿದರೆ ಶರಣಪ್ಪ ಚಾ ತರಿಸುತ್ತಿದ್ದರು. ಗಣಿಯ ತಳದಲ್ಲಿದ್ದ ಮದ್ದಿನವನು ಮಾತ್ರ ತನ್ನ ಕೈಗಡಿಯಾರ ನೋಡಿ ಮೂರು ಗಂಟೆಗೆ ಸರಿಯಾಗಿ ಹಾರಿಸಿದ.

ಇಬ್ಬರು ಹೊಲದ ಅಂಚು ದಾಟಿದ್ದರು. ಮಾಣಿಕಮ್ಮ ಎಂಬಾಕೆ ಇನ್ನೂ ಹೊರೆ ಕಟ್ಟುತ್ತಿದ್ದರು. ಹಾರಿ ಬಂದ ಕಲ್ಲು ಅವರ ಬಲಗೈಯ ಮಣಿಕಟ್ಟಿಗೆ ಬಿತ್ತು. ಮೂಳೆ ಕೂಡಿತು, ನೆಟ್ಟಗೆ ಕೂಡಲಿಲ್ಲ. ಆ ಕೈಯಿಂದ ಅವರು ಮತ್ತೆ ರೊಟ್ಟಿ ಬಡಿಯಲಿಲ್ಲ.

ವಿಚಾರಣೆ ಗಣಿಯ ಮ್ಯಾನೇಜರರ ಕೋಣೆಯಲ್ಲಿ ನಡೆಯಿತು. ನಮಗೆಲ್ಲ ಕುರ್ಚಿ ಇತ್ತು, ಶರಣಪ್ಪ ನಿಂತಿದ್ದರು.

“ಕಂಪ್ಯೂಟರ್ ಎಚ್ಚರಿಕೆ ಕೊಟ್ಟಿತ್ತೋ ಇಲ್ಲೋ?” ಮ್ಯಾನೇಜರ್ ಕೇಳಿದರು.

“ಕೊಟ್ಟಿತ್ರಿ. ಆರು ತಿಂಗಳು ದಿನಾ ಕೊಡ್ತಿತ್ತು.”

“ಏನಂತ?”

“ಹಳೇದು ಚಾಲೂ ಅದ ಅಂತ್ರಿ.”

“ಮತ್ತ ನೀ ಏನ್ ಮಾಡ್ದಿ?”

“ಏನ್ ಮಾಡ್ಲಿ ಸಾಹೇಬ್ರ? ಹೊಸಾ ಪ್ರೋಗ್ರಾಮ್ ಹಾಕಿ ಹೋಗ್ಯಾರ, ಎಲ್ಲಿ ಏನ್ ಕೆಡ್ತದೋ ಅಂತ ನನಗ ಅಂಜಿಕಿ ಇತ್ತು. ನೋಡಿದ್ರ ಹಳೇದು ಚಾಲೂ ಅದ ಅಂತ ಬರ್ದಿತ್ತು. ಛಲೋ ಆಯ್ತು, ಎಲ್ಲಾ ಮೊದಲಿನಂಗೇ ನಡದದ ಅಂತ ಬೇಫಿಕರ್ ಆದೆ.”

ಕೋಣೆಯಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ಈ ನಗುವಿನ ಬಗ್ಗೆ ನನ್ನ ನೆನಪಿಗೆ ಯಾವ ಸಂಶಯವೂ ಇಲ್ಲ. ಇದು ನನಗೆ ಅನುಕೂಲವಾದ ನೆನಪಲ್ಲ, ಅದಕ್ಕೇ ಇದನ್ನು ನಂಬುತ್ತೇನೆ. ನಗುತ್ತಿರುವಾಗಲೇ ನನಗೆ ಹೊಳೆದಿತ್ತು, ಅವರು ಓದಿದ್ದು ಸರಿಯಾಗಿತ್ತು. ನಾನು ಬರೆದ ಮೂರು ಪದಗಳು ಅಕ್ಷರಶಃ ಅದನ್ನೇ ಹೇಳುತ್ತಿದ್ದವು. ನಾನು ಹತ್ತು ವರ್ಷ ಓಡಾಡಿದ ಈ ಊರುಗಳಲ್ಲಿ, ಹೊಸ ಯಂತ್ರ ಬಂದ ಮನೆಯಲ್ಲಿ ಹಳೆಯದು ನಡೆಯುತ್ತಿದೆ ಎಂಬ ಮಾತಿಗಿಂತ ಸಮಾಧಾನದ ಮಾತು ಇನ್ನೊಂದಿಲ್ಲ. ಆ ಪಟ್ಟಿ ಇದ್ದ ಆರು ತಿಂಗಳಲ್ಲಿ ಯಾವ ಅಪಾಯವೂ ಇರಲಿಲ್ಲ. ಅಪಾಯ ಶುರುವಾದ ದಿನ ಪಟ್ಟಿ ತಾನಾಗಿಯೇ ಮಾಯವಾಗಿತ್ತು. ಹಾಗೆ ಮಾಯವಾಗುವಂತೆ ಬರೆದವನು ನಾನು.

ನಗು ನಿಂತ ಮೇಲೆ ಶರಣಪ್ಪ ಹೇಳಿದರು: “ಆದರೂ ಒಂದ್ ಸಲ ಕೇಳಬೇಕಂತ ಗುರುರಾಜ ಸರಿಗಿ ಫೋನ್ ಮಾಡಿದ್ದೆ.”

ಮ್ಯಾನೇಜರ್ ನನ್ನ ಕಡೆ ತಿರುಗಿದರು. “ಮಾಡಿದ್ನಾ?”

“ನನಗೆ ನೆನಪಿಲ್ಲ,” ಎಂದೆ.

ಅದು ಸುಳ್ಳಾಗಿತ್ತೇ ಎಂದು ಈಗಲೂ ನನಗೆ ತಿಳಿಯದು. ಆದರೆ ಇದು ತಿಳಿದಿದೆ: ನಮ್ಮ ಕಚೇರಿಯಲ್ಲಿ ಬಂದ ಪ್ರತಿ ಕರೆಯನ್ನೂ ಬರೆದಿಡುವ ಒಂದು ದೂರು ಪುಸ್ತಕ ಇತ್ತು, ಅದು ನನ್ನ ಕುರ್ಚಿಯ ಹಿಂದಿನ ಕಪಾಟಿನಲ್ಲಿತ್ತು, ಮರುದಿನ ಹೋಗಿ ತೆಗೆದು ನೋಡಬಹುದಾಗಿತ್ತು. ನಾನು ನೋಡಲಿಲ್ಲ. ನೆನಪಿಲ್ಲ ಎಂದದ್ದು ಇಲ್ಲ ಎಂದಾಯಿತು. ಕಂಪ್ಯೂಟರ್ ಎಚ್ಚರಿಸಿತ್ತು, ಸಿಬ್ಬಂದಿ ಗಮನಿಸಲಿಲ್ಲ ಎಂದು ವರದಿ ಬರೆದರು. ಕೆಳಗೆ ನನ್ನ ಸಹಿಯೂ ಇದೆ.

ಶರಣಪ್ಪನವರನ್ನು ಟೈಮ್ ಆಫೀಸಿನಿಂದ ತೆಗೆದು ಗೇಟಿಗೆ ಹಾಕಿದರು. ಒಂದು ವರ್ಷದ ಮೇಲೆ ವಾಡಿ ಸ್ಟೇಷನ್ನಿನ ಎದುರಿನ ಚಾ ಅಂಗಡಿಯಲ್ಲಿ ಅವರನ್ನು ಕಂಡೆ. ಗಣಿಯ ನಾಲ್ಕೈದು ಮಂದಿ ಜೊತೆಗಿದ್ದರು.

“ಏ ಹಳೇದು ಚಾಲೂ, ಚಾ ಹೇಳಪಾ!” ಒಬ್ಬ ಕೂಗಿದ.

“ಹೊಸಾದು ಹೇಳಲ್ಯಾ, ಹಳೇದೇ ಕಾಸಿ ಕೊಡಾಕ ಹೇಳಲ್ಯಾ?” ಎಂದು ಶರಣಪ್ಪ ತಾವೂ ನಗಿಸಿದರು. ಅಷ್ಟರಲ್ಲಿ ನನ್ನನ್ನು ನೋಡಿ ಎದ್ದು ನಿಂತರು. “ಬರ್ರಿ ಸರ್, ಕುಂದ್ರಿ. ಚಾ ಕುಡೀರಿ.”

ಗಾಡಿಗೆ ಹೊತ್ತಾಯಿತು ಎಂದು ಹೇಳಿ ಹೊರಟೆ. ಗಾಡಿಗೆ ಇನ್ನೂ ಮುಕ್ಕಾಲು ತಾಸು ಇತ್ತು. ಪ್ಲಾಟ್‌ಫಾರ್ಮಿನ ಆ ತುದಿಗೆ ಹೋಗಿ ನಿಂತೆ.

ಇದಕ್ಕಿಂತ ನಾಚಿಕೆಯ ಮಾತು ಮುಂದಿದೆ. ನಾನು ಈ ಘಟನೆಯನ್ನು ಕಥೆ ಮಾಡಿಕೊಂಡೆ. ಹೊಸಬರಿಗೆ ಕೆಲಸ ಕಲಿಸುವಾಗ, ಬಳಸುವವರು ಎಂಥೆಂಥವರಿರುತ್ತಾರೆ ನೋಡಿ ಎಂದು ಶರಣಪ್ಪನವರ ಮಾತನ್ನು ಅವರ ದನಿಯಲ್ಲೇ ಅಣಕಿಸಿ ಹೇಳುತ್ತಿದ್ದೆ. ಮುನೀರ್ ಭಾಯ್ ಅವರ ಬೇಳೆಯ ಗಂಟಿನಿಂದ ಶುರುಮಾಡಿ ಹಳೇದು ಚಾಲೂಗೆ ಮುಗಿಸಿದರೆ ಚಪ್ಪಾಳೆ ಖಾತ್ರಿ. ಮಾಣಿಕಮ್ಮನ ಕೈಯನ್ನು ಕಥೆಯಿಂದ ಬಿಟ್ಟುಬಿಡುತ್ತಿದ್ದೆ. ಈ ಮಧ್ಯೆ ನನ್ನ ಕೆಲಸದ ಕ್ರಮ ಬದಲಾಯಿತು. ಒಂದು ಸಾಲಿನ ಅರ್ಥ ಬದಲಿಸಬೇಕಾದರೆ ಅದರ ಹೆಸರನ್ನೇ ಬದಲಿಸತೊಡಗಿದೆ. ಹಳೆಯ ಹೆಸರು ಕಂಡರೆ ಪ್ರೋಗ್ರಾಮ್ ಊಹೆ ಮಾಡದೆ ನಿಲ್ಲುವಂತೆ ಮಾಡಿದೆ. ಏನು ಬದಲಾಗುತ್ತದೆ, ಯಾವ ದಿನದಿಂದ ಬದಲಾಗುತ್ತದೆ ಎಂದು ಆ ಜನರ ಕೆಲಸದ ಮಾತಿನಲ್ಲೇ ಬರೆಯತೊಡಗಿದೆ. ನಮ್ಮ ಪ್ರೋಗ್ರಾಮು ಚೆನ್ನಾಗಿದೆ ಎಂದು ಹೆಸರಾಯಿತು. ಇದನ್ನು ಯಾರ ತಲೆಯ ಮೇಲೆ ಕಾಲಿಟ್ಟು ಕಲಿತೆ ಎಂದು ಎಲ್ಲೂ ಹೇಳಲಿಲ್ಲ.

ನಿವೃತ್ತಿಯಾದ ಮೇಲೆ ಸೇಡಂನ ಒಂದು ಕಾಲೇಜಿನಲ್ಲಿ ಮಾತಾಡಲು ಕರೆದಿದ್ದರು. ಅಲ್ಲೂ ಅದೇ ಕಥೆ, ಅದೇ ಅಣಕ, ಅದೇ ನಗು. ಪ್ರಶ್ನೆ ಕೇಳಿ ಎಂದಾಗ ಮೂರನೆಯ ಸಾಲಿನಿಂದ ಒಬ್ಬ ವಿದ್ಯಾರ್ಥಿನಿ ಎದ್ದಳು.

“ಸರ್, ಆ ಸೆಟ್ಟಿಂಗ್ ಅವರಿಗಿ ಬದ್ಲು ಮಾಡ್ಲಿಕ್ಕ ಬರ್ತಿತ್ತೇನ್ರಿ?”

“ಇಲ್ಲ. ಗುಪ್ತಪದ ನಮ್ಮ ಹತ್ತಿರ ಇರ್ತಿತ್ತು.”

“ಮತ್ತ ಅವರಿಗ್ಯಾಕ ತೋರಿಸಿದ್ರಿ?”

ಅವಳ ದನಿಯಲ್ಲಿ ಕೊಂಕಿರಲಿಲ್ಲ. ತಿಳಿದುಕೊಳ್ಳಲು ಕೇಳಿದ್ದಳು. ನಾನು ನೀರು ಕುಡಿದೆ. ಒಳ್ಳೆಯ ಪ್ರಶ್ನೆ ಎಂದೆ. ಉತ್ತರ ಹೇಳಿದೆನೋ ಇಲ್ಲವೋ ನೆನಪಿಲ್ಲ. ಇದ್ದ ಉತ್ತರ ಒಂದೇ. ಆ ಪಟ್ಟಿ ನೋಡಿದ ಶರಣಪ್ಪನವರಿಂದ ಆಗಬಹುದಾಗಿದ್ದ ಕೆಲಸವೂ ಒಂದೇ: ನನಗೆ ಫೋನ್ ಮಾಡುವುದು. ಮಾಡಿದ್ದರೆ ಅವರ ಪಾಲಿನದು ಅಲ್ಲಿಗೆ ಮುಗಿಯಿತು, ಮಿಕ್ಕದ್ದೆಲ್ಲ ನನ್ನದು.

ಇಷ್ಟು ಬರೆದು ಎರಡು ವಾರ ಹಾಗೇ ಬಿಟ್ಟಿದ್ದೆ. ಕೂರಲಾಗಲಿಲ್ಲ, ಶರಣಪ್ಪನವರನ್ನು ಹುಡುಕಿಕೊಂಡು ಸುಲೇಪೇಟಕ್ಕೆ ಹೋದೆ. ಅಲ್ಲಿ ಅವರ ಅಳಿಯನ ಬೀಜದ ಅಂಗಡಿ ಇದೆ, ಹಗಲು ಹೊತ್ತು ಅಲ್ಲಿ ಕೂರುತ್ತಾರೆ. ಹಣೆಯ ಮೇಲೆ ಅದೇ ಮೂರು ಬೆರಳಿನ ವಿಭೂತಿ. ನನ್ನನ್ನು ಕೂಡಲೇ ಗುರುತಿಸಿದರು.

“ಅರೆರೆ, ಗುರುರಾಜ ಸರ್! ಭಾಳ ವರ್ಷಕ್ಕ ದಾರಿ ತಪ್ಪಿ ಬಂದ್ರಿ ನೋಡ್ರಿ. ಕುಂದ್ರಿ. ಈ ಸಲನೂ ಗಾಡಿಗಿ ಹೊತ್ತಾಗ್ಯಾದ ಅಂದ್ರ ಬಿಡಂಗಿಲ್ಲ. ಇಲ್ಲಿ ಗಾಡೀನೇ ಇಲ್ಲ.”

ವಾಡಿಯಲ್ಲಿ ಅಂದು ನಾನು ಹೇಳಿದ್ದು ನೆಪ ಎಂದು ಅವರಿಗೆ ತಿಳಿದಿತ್ತು. ಕೂತೆ. ಚಾ ಬಂತು. ಸುತ್ತು ಬಳಸಿ ಕೇಳಲು ಬಾಯಿ ಬರಲಿಲ್ಲ.

“ಶರಣಪ್ಪನೋರೆ, ನೀವು ಅವತ್ತು ಖರೇ ಫೋನ್ ಮಾಡಿದ್ರಾ?”

ಅವರು ಲೋಟ ಕೆಳಗಿಟ್ಟರು. “ಬುಧವಾರ ಮಾಡಿದ್ದೆ. ಪಟ್ಟಿ ಶುರುವಾಗಿ ಏಳೆಂಟು ದಿನ ಆಗಿತ್ತು. ಮಧ್ಯಾಹ್ನ ಊಟದ ಹೊತ್ತು. ನಿಮ್ಮ ಬಾಯಾಗ ರೊಟ್ಟಿ ಇತ್ತು, ಮಾತು ದಪ್ಪ ದಪ್ಪ ಬರ್ಲಿಕತ್ತಿತ್ತು.”

“ಬುಧವಾರ ಅಂತ ಹ್ಯಾಂಗ ನೆನಪದ?”

“ಬುಧವಾರ ಮ್ಯಾನೇಜರ್ ಸಾಹೇಬ್ರು ಕಲಬುರಗಿಗಿ ಹೋಗ್ತಿದ್ರು. ಬ್ಯಾರೆ ದಿನ ನಮಗ ಫೋನ್ ಮುಟ್ಲಿಕ್ಕ ಯಾರ್ ಕೊಡ್ತಿದ್ರು ಸರ್?”

“ನಾ ಏನಂದೆ?”

“ಅದನ್ನ ನಾ ಹೇಳಿದ್ರ ನೀವ್ ನಂಬಂಗಿಲ್ಲ, ಬಿಡ್ರಿ.” ಲೋಟವನ್ನು ಪಕ್ಕಕ್ಕೆ ಸರಿಸಿದರು. “ನೌಕರಿ ಗೇಟಿಗಿ ಹೋಯ್ತು, ಹೋಗ್ಲಿ. ಮಂದಿ ನಕ್ಕರು, ನಗ್ಲಿ. ನಾ ಕೇಳಿದ್ದೆ ಅನ್ನೂದು ಒಂದು ಖರೇ ಅಂತಾದ್ರ ಸಾಕಾಗಿತ್ತು. ಕೇಳದೇ ಕುಂತಾಂವ ಅಲ್ಲ ನಾ. ಮಾಣಿಕಮ್ಮನ ಮುಂದ ಹೋಗಿ ನಿಂತಾಗ ಅಷ್ಟರ ಹೇಳಬೇಕಲ್ರಿ.”

“ಹೋಗ್ತೀರೇನು ಅವರ ಮನಿಗಿ?”

“ವರ್ಷಕ್ಕೊಮ್ಮೆ ಹೋಗ್ತೀನ್ರಿ. ರೊಟ್ಟಿ ಸೊಸಿ ಬಡೀತಾಳ. ಚಾ ಮಾತ್ರ ಆಕಿನೇ ಕೊಡ್ತಾಳ, ಎಡಗೈಲೆ. ನೀವ್ ಹೋಗಿದ್ರೇನ್ರಿ?”

“ಇಲ್ಲ,” ಎಂದೆ.

ನಾನು ಅಲ್ಲಿಂದ ನೇರ ಮನೆಗೆ ಹೋಗಲಿಲ್ಲ. ಮರುದಿನ ಶಹಾಬಾದಿನಲ್ಲಿ ದೇಶಪಾಂಡೆ ಸರ್ ಮನೆಯ ಬಾಗಿಲಲ್ಲಿದ್ದೆ. ಕಚೇರಿ ಮುಚ್ಚಿದಾಗ ಕಾಗದ ಪತ್ರವೆಲ್ಲ ಅವರ ಮನೆಗೆ ಹೋಗಿತ್ತು. ಕೇಳಿದ್ದಕ್ಕೆ ಅವರು ಜೋರಾಗಿ ನಕ್ಕರು.

“ದೂರು ಪುಸ್ತಕ? ಅದು ಇನ್ನೂ ನೌಕರಿ ಮಾಡ್ಲಿಕತ್ತದ ನೋಡು. ಇನ್ವರ್ಟರ್ ಬ್ಯಾಟರಿ ಕೆಳಗ ಅದ. ಫರಸಿ ಏರುಪೇರು ಅದಲ್ಲ, ಬ್ಯಾಟರಿ ಅಲ್ಲಾಡಬಾರದಂತ ಇಟ್ಟೀನಿ. ಏನ್ ಮಾಡ್ತಿ ಅದನ್ನ ತಗೊಂಡು?”

“ಒಂದ್ ಫೋನ್ ಬಂದಿತ್ತೋ ಇಲ್ಲೋ ನೋಡಬೇಕ್ರಿ ಸರ್.”

ಅವರ ನಗು ನಿಂತಿತು. ಯಾವ ಫೋನು ಎಂದು ಕೇಳಲಿಲ್ಲ. “ಭಾಳ ತಡಾ ಮಾಡ್ದಿ,” ಎಂದಷ್ಟೇ ಹೇಳಿ, ಬ್ಯಾಟರಿ ಎತ್ತಲು ತಾವೂ ಒಂದು ಕೈ ಕೊಟ್ಟರು.

ಪುಸ್ತಕದ ಅಂಚು ಆಮ್ಲದಿಂದ ಸುಟ್ಟು ಪುಡಿಯಾಗಿತ್ತು. ಒಳಗಿನ ಹಾಳೆಗಳು ಉಳಿದಿದ್ದವು. ಪಟ್ಟಿ ಶುರುವಾದ ತಿಂಗಳನ್ನು ಹುಡುಕಿದೆ. ಎಡಪುಟದ ನಡುವೆ ಈ ಸಾಲು ಇತ್ತು:

ಗಣಿ, ಶರಣಪ್ಪ. ಹಳೆಯದು ಚಾಲ್ತಿಯಲ್ಲಿದೆ ಎಂದು ಬರುತ್ತಿದೆ, ಏನು ಮಾಡಬೇಕು ಎಂದು ಕೇಳಿದರು. ಏನೂ ಮಾಡಬೇಡಿ, ಇರಲಿ ಎಂದು ಹೇಳಿದೆ. ಗು.

ಗು ಎಂದರೆ ನಾನು. ಅಕ್ಷರ ನನ್ನದು. ಪಕ್ಕದಲ್ಲಿ ಎಣ್ಣೆಯ ಬೆರಳಿನ ಗುರುತು ಇತ್ತು, ಅದು ಅಂದಿನ ಊಟದ ಉಪ್ಪಿನಕಾಯಿಯದೋ ಬೇರೆ ಯಾವ ದಿನದ್ದೋ ಹೇಳಲಾಗದು, ಅದನ್ನು ಸಾಕ್ಷಿ ಎಂದು ಹಿಡಿಯುವುದಿಲ್ಲ. ಅಕ್ಷರ ನೋಡಿದ ಮೇಲೂ ಫೋನು ರಿಂಗಾದದ್ದು ನನಗೆ ನೆನಪಾಗಲಿಲ್ಲ. ನೆನಪಾಗಿದೆ ಎಂದು ಬರೆದಿದ್ದರೆ ಇದು ಚೆನ್ನಾಗಿ ಮುಗಿಯುತ್ತಿತ್ತು, ಆದರೆ ಆಗಲಿಲ್ಲ.

ಆ ಹಾಳೆಯ ಫೋಟೋ ಶರಣಪ್ಪನವರಿಗೆ ಕಳಿಸಿದೆ. ವಿಚಾರಣೆಯಲ್ಲಿ ನಾನು ಹೇಳಿದ್ದು ತಪ್ಪು ಎಂದು ಬರೆದು, ಸಹಿ ಮಾಡಿ, ಅದನ್ನೂ ಕಳಿಸಿದೆ. ತಲುಪಿಸಲು ಆ ಕಂಪನಿ ಈಗ ಇಲ್ಲ, ಅದಕ್ಕಾಗಿ ಇಲ್ಲೂ ಬರೆಯುತ್ತಿದ್ದೇನೆ. ಮಾಣಿಕಮ್ಮನ ಮನೆಗೆ ಬರುವ ಸೋಮವಾರ ಇಬ್ಬರೂ ಹೋಗೋಣ ಎಂದು ಶರಣಪ್ಪ ಹೇಳಿದ್ದಾರೆ. ಅಂದು ಅವರ ಮನೆಯವರೆಲ್ಲ ಊರಲ್ಲೇ ಇರುತ್ತಾರಂತೆ.

ಒಂದು ಉಳಿದಿತ್ತು. ದೂರು ಪುಸ್ತಕದಲ್ಲಿ ತಾರೀಖು ಇತ್ತು, ವಾರ ಬರೆಯುವ ಪದ್ಧತಿ ನಮ್ಮಲ್ಲಿರಲಿಲ್ಲ. ಕಂಪ್ಯೂಟರನ್ನು ಕೇಳಲು ಮನಸ್ಸಾಗಲಿಲ್ಲ. ವಾರಕ್ಕೆ ಅಂಕಿ ಕೊಟ್ಟು ನಾನೇ ಒಮ್ಮೆ ಕೆಡಿಸಿದ್ದೇನೆ. ನಮ್ಮ ತಂದೆಯ ಪೆಟ್ಟಿಗೆಯಲ್ಲಿ ಹಳೆಯ ಪಂಚಾಂಗಗಳ ಕಟ್ಟು ಇತ್ತು. ಆ ವರ್ಷದ್ದನ್ನು ತೆಗೆದು, ತಾರೀಖಿನ ಮೇಲೆ ಬೆರಳಿಟ್ಟು ಎರಡು ಸಲ ನೋಡಿದೆ. ಆ ದಿನ ಬುಧವಾರ.